ಬದಲಿಗೆ ಬಂದವಳಿಗೆ ಕೊಟ್ಟ ಸೀರೆ

ತ್ಯಾಗರಾಜನಗರದ ನಮ್ಮ ಮನೆಗೆ ಕಾರ್ ಶೆಡ್ಡು ಇದೆ, ಕಾರಿಲ್ಲ. ಮನೆ ಕಟ್ಟಿಸಿದ ನಮ್ಮ ಮಾವನವರಿಗೆ ಮುಂದೆಂದಾದರೂ ಕಾರು ಬಂದೇ ಬರುತ್ತದೆಂಬ ಭರವಸೆಯಿತ್ತು. ಅವರು ಹೋದರು, ಕಾರು ಬರಲಿಲ್ಲ. ಅದರ ಜಾಗಕ್ಕೆ ಹಳೇ ಸೈಕಲ್ಲು, ಕಾಲು ಮುರಿದ ತೊಟ್ಟಿಲು, ತೆಂಗಿನಕಾಯಿ ಚೀಲ ಎಲ್ಲ ಬಂದು ಸೇರಿಕೊಂಡವು. ಅವನ್ನು ಒಂದು ಮೂಲೆಗೆ ಸರಿಸಿ, ಜಮಖಾನ ಹಾಸಿ, ತಿಂಗಳಿಗೆ ಎರಡು ಭಾನುವಾರ ಮಧ್ಯಾಹ್ನ ಮನೆಗೆಲಸದ ಹೆಂಗಸರ ಸಂಘ ಅಲ್ಲಿ ಕೂರುವುದಕ್ಕೆ ಶುರುವಾಗಿ ಈಗ ಮೂರು ವರ್ಷವಾಗುತ್ತ ಬಂತು.

ಕೊರೋನಾ ಕಾಲದಲ್ಲಿ ಮನೆಮನೆಯ ಗೇಟು ಮುಚ್ಚಿತಲ್ಲ, ಮತ್ತೆ ತೆರೆದಾಗ ಕೆಲವರ ಪಾಲಿಗೆ ತೆರೆಯಲೇ ಇಲ್ಲ. ಆಗ ಹುಟ್ಟಿದ ಸಂಘ ಅದು. ಮೊದಲು ಅವರು ಪಾರ್ಕಿನಲ್ಲಿ ಸೇರಬೇಕೆಂದುಕೊಂಡರು. ಪಾರ್ಕಿನ ಗೇಟಿಗೆ ಮಧ್ಯಾಹ್ನ ಬೀಗ ಹಾಕುತ್ತಾರೆ. ಇವರಿಗೆ ಬಿಡುವಾಗುವುದೂ ಮಧ್ಯಾಹ್ನವೇ. ಹೀಗಾಗಿ ಗೇಟಿನ ಹೊರಗೆ ಫುಟ್‌ಪಾತಿನ ಮೇಲೆ ಕೂತು ಮಾತಾಡುತ್ತಿದ್ದರು. ಒಂದು ಭಾನುವಾರ ಜೋರು ಮಳೆ ಹಿಡಿದುಕೊಂಡಿತು. ನಮ್ಮ ಮನೆಗೆ ಹದಿನೇಳು ವರ್ಷದಿಂದ ಕಸ ಮುಸುರೆಗೆ ಬರುತ್ತಿದ್ದಾಕೆ ಅಷ್ಟೂ ಜನರನ್ನು ಕಟ್ಟಿಕೊಂಡು ಗೇಟಿನಲ್ಲಿ ನಿಂತಿದ್ದಳು.

"ಅಮ್ಮಾ, ಐದ್ ನಿಮ್ಸ ನಿಂತ್ಕೊಂಡು ಓಗ್ತೀವಿ."

ಐದು ನಿಮಿಷ ಎರಡು ಗಂಟೆಯಾಯಿತು. ನಾನು ಕಾಫಿ ಬೆರೆಸಿದೆ. ಮುಂದಿನ ಸಲ ಮಳೆಯಿಲ್ಲದಿದ್ದರೂ ಬಂದರು.

ಆಕೆಯನ್ನು ಸಂಘದಲ್ಲಿ ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ನಾನೂ ಇಲ್ಲಿ ಹಾಗೇ ಅನ್ನುತ್ತೇನೆ. ಹನುಮಂತನಗರದ ಇಳಿಜಾರಿನ ಒಂದು ವಠಾರದಲ್ಲಿ ವಾಸ. ನಮ್ಮದು, ಎದುರುಮನೆ, ಮೂಲೆಮನೆ, ಮುಂದಿನ ಅಡ್ಡರಸ್ತೆಯ ಎರಡು, ಹೀಗೆ ಐದು ಮನೆ ಆಕೆಯದು. 'ಆಕೆಯದು' ಎಂದು ಬರೆಯುತ್ತಿದ್ದೇನಲ್ಲ, ಅದು ಅವರ ಮಾತು. ಎಷ್ಟು ಕಡೆ ಕೆಲಸ ಮಾಡುತ್ತೀಯ ಎಂದು ಕೇಳಿದರೆ, "ನಂದು ಐದ್ ಮನೆ" ಎನ್ನುತ್ತಾರೆ. ಮೊದಮೊದಲು ನನಗೆ ಇದು ತಮಾಷೆಯಾಗಿ ಕೇಳುತ್ತಿತ್ತು.

ಸಂಘದ ಮುಂದಾಳು ಒಬ್ಬ ಅಡುಗೆಯಾಕೆ. ಎತ್ತರದ ಆಳು, ಗಂಟಲು ದೊಡ್ಡದು, ಮೂರು ಮನೆಯಲ್ಲಿ ಅಡುಗೆ ಮಾಡಿಯೂ ಸಂಜೆ ದಣಿವಿಲ್ಲ. ತೀರ್ಮಾನಗಳನ್ನು ಬರೆದಿಡುವುದಕ್ಕೆ ಯಾರಾದರೂ ಬೇಕಾಗಿತ್ತು. ನಾನು ಹೈಸ್ಕೂಲಿನ ಆಫೀಸಿನಲ್ಲಿ ಬರವಣಿಗೆಯ ಕೆಲಸ ಮಾಡಿ ನಿವೃತ್ತಳಾದವಳು, ನಾನೇ ಕೈಯೆತ್ತಿದೆ. ಅಡುಗೆಯಾಕೆ ನನ್ನನ್ನು ಒಂದು ಗಳಿಗೆ ನೋಡಿ ಹೇಳಿದಳು:

"ನೀವು ಬರೀರಿ ಅಮ್ಮಾ. ಆದ್ರೆ ಮಾತಾಡ್ಬಾರ್ದು. ನೀವು ಕೆಲಸ ಕೊಡೋರು, ನಾವು ಮಾಡೋರು. ಕೋಪ ಮಾಡ್ಕೋಬೇಡಿ."

ಒಳಗೆ ಪೇಪರು ಓದುತ್ತಿದ್ದ ನಮ್ಮನೆಯವರಿಗೆ ಇದು ಕೇಳಿಸಿತು. ರಾತ್ರಿ ಊಟಕ್ಕೆ ಕೂತಾಗ, "ನಲವತ್ತು ವರ್ಷ ನನ್ನ ಕೈಲಿ ಆಗದೇ ಇದ್ದದ್ದನ್ನ ಆಯಮ್ಮ ಒಂದೇ ಮಾತಲ್ಲಿ ಮಾಡಿಬಿಟ್ಟರಲ್ಲೇ!" ಎಂದರು.

ಸಂಘದವರು ಮೊಟ್ಟಮೊದಲು ಬರೆಸಿದ ತೀರ್ಮಾನ ಸಂಬಳದ್ದಲ್ಲ, ರಜೆಯದ್ದೂ ಅಲ್ಲ, ಬದಲಿಯದ್ದು. ಬಾಣಂತನಕ್ಕೆಂದು ಊರಿಗೆ ಹೋದವಳು ಮೂರು ತಿಂಗಳ ಮೇಲೆ ಬಂದರೆ ಅವಳ ಮನೆಯಲ್ಲಿ ಇನ್ನೊಬ್ಬಳು ಕಸ ಗುಡಿಸುತ್ತಿರುತ್ತಾಳೆ. ಮನೆಯಾಕೆ ಬಾಗಿಲಲ್ಲೇ ನಿಂತು, "ಇವಳೇ ಹೊಂದ್ಕೊಂಡ್ಬಿಟ್ಟಿದಾಳೆ, ನೀನು ಬೇರೆ ಕಡೆ ನೋಡ್ಕೋ" ಎಂದುಬಿಡುತ್ತಾಳೆ. ಹೀಗೆ ಮನೆ ಕಳೆದುಕೊಳ್ಳದವರು ಆ ಜಮಖಾನದ ಮೇಲೆ ಇಬ್ಬರೋ ಮೂವರೋ ಇದ್ದರು. ನಾನು ಶಾಲೆಯ ಆಫೀಸಿನ ಗತ್ತಿನಲ್ಲಿ ಬರೆದೆ: 'ಯಾವುದೇ ಕಾರಣಕ್ಕೆ ಮನೆ ಬಿಟ್ಟು ಹೋಗುವವಳು ತಾನೇ ಬದಲಿಯವಳನ್ನು ಕರೆತಂದು ಮನೆ ತೋರಿಸತಕ್ಕದ್ದು. ಹೋದವಳು ತಿರುಗಿ ಬಂದ ದಿನ ಬದಲಿಯವಳು ಮನೆಯನ್ನು ಬಿಟ್ಟುಕೊಡತಕ್ಕದ್ದು.' ಓದಿ ಹೇಳಿದಾಗ ಅಡುಗೆಯಾಕೆ, "ಅದೇನಮ್ಮ ತಕ್ಕದ್ದು? ಬಿಟ್ಕೊಡ್ಬೇಕು ಅಂತ ಬರೀರಿ, ನಮಗೂ ಅರ್ಥ ಆಗ್ಲಿ" ಎಂದಳು. ಹೊಡೆದುಹಾಕಿ ಮತ್ತೆ ಬರೆದೆ.

ಕಳೆದ ಆಷಾಢದಲ್ಲಿ ದೊಡ್ಡಕ್ಕನಿಗೆ ಗರ್ಭಕೋಶದ ಆಪರೇಷನ್ ಆಯಿತು. ಮೂರು ತಿಂಗಳು ಬಗ್ಗಬಾರದು, ಬಕೆಟ್ ಎತ್ತಬಾರದು ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಗೆ ಸೇರುವ ಮೂರು ದಿನ ಮುಂಚೆ ಆಕೆ ತನ್ನ ವಠಾರದ ಒಬ್ಬ ಹುಡುಗಿಯನ್ನು ಕರೆತಂದು ಮನೆ ತೋರಿಸಿದಳು. ಹುಡುಗಿ ಅಂದರೆ ಮದುವೆಯಾಗಿ ಎರಡು ಮಕ್ಕಳಿದ್ದವಳೇ, ಆದರೆ ನೋಡಲು ಹುಡುಗಿ. ಈ ಮನೆ ತೋರಿಸುವುದನ್ನು ನೀವು ನೋಡಬೇಕು. ಹತ್ತೊಂಬತ್ತು ವರ್ಷದಲ್ಲಿ ನನಗೇ ಗೊತ್ತಿಲ್ಲದ ನನ್ನ ಮನೆಯನ್ನು ಆಕೆ ಮೆಲುದನಿಯಲ್ಲಿ ಒಪ್ಪಿಸುತ್ತಿದ್ದಳು. "ಈ ನಲ್ಲಿ ಎಡಕ್ ತಿರುಗ್ಸ್ಬೇಡ, ಕಿತ್ಕೊಂಡ್ ಬತ್ತದೆ. ಈ ಪಾತ್ರೆ ಅಮ್ಮಾರು ದೇವ್ರ ಹಾಲಿಗೆ ಇಟ್ಟಿರೋದು, ಮುಸುರೆ ಜೊತೆ ಸೇರ್ಸ್ಬೇಡ. ಅಯ್ನೋರು ಪೇಪರ್ ಎಲ್ಲೆಲ್ಲೋ ಬಿಸಾಕಿರ್ತರೆ, ಜೋಡ್ಸಕ್ಕೆ ಓಗ್ಬೇಡ, ಬಯ್ತರೆ. ಅಮ್ಮಾರ್ಗೆ ಬೆಳಗ್ಗೆ ಕಾಫಿ ಕುಡಿಯೋಗಂಟ ಏನೂ ಕೇಳ್ಬೇಡ." ಈ ಕೊನೆಯದನ್ನು ಕೇಳಿ ನನಗೆ ಸ್ವಲ್ಪ ಮುಜುಗರವಾಯಿತು. ಐದೂ ಮನೆಯಲ್ಲಿ ಹೀಗೇ ತೋರಿಸಿ ಆಸ್ಪತ್ರೆಗೆ ಹೋದಳು.

ಹುಡುಗಿ ಚೆನ್ನಾಗಿ ಕೆಲಸ ಮಾಡಿದಳು. ನಿಜ ಹೇಳಬೇಕಾದರೆ ದೊಡ್ಡಕ್ಕನಿಗಿಂತ ಚೆನ್ನಾಗಿ ಮಾಡಿದಳು. ದೊಡ್ಡಕ್ಕನಿಗೆ ವಯಸ್ಸಾಗಿತ್ತು, ಮಂಚದ ಕೆಳಗೆ ಪೊರಕೆ ಹೋಗುವುದು ನಿಂತು ವರ್ಷಗಳೇ ಆಗಿದ್ದವು. ಈ ಹುಡುಗಿ ಮಂಡಿಯೂರಿ ಅಲ್ಲೆಲ್ಲ ಸಾರಿಸಿದಳು. ದೀಪದ ಕಂಬಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜಿದ್ದನ್ನು ನೋಡಿ, ನಮ್ಮ ಅತ್ತೆಯ ಕಾಲದಲ್ಲಿ ಹೀಗೆ ಹೊಳೆಯುತ್ತಿದ್ದವಲ್ಲ ಎಂದುಕೊಂಡೆ. ಇವಳೇ ಇದ್ದರೆ ಚೆನ್ನ ಎಂದು ಒಂದೆರಡು ಸಲ ಮನಸ್ಸಿಗೆ ಬಂದದ್ದೂ ಉಂಟು. ಬಂತು, ಹೋಯಿತು. ತೀರ್ಮಾನದ ಪುಸ್ತಕದಲ್ಲಿ ನನ್ನ ಕೈಬರಹವೇ ಇತ್ತಲ್ಲ.

ಗೌರಿ ಹಬ್ಬ ಬಂತು. ನಮ್ಮ ಮನೆಯಲ್ಲಿ ಗೌರಿ ಹಬ್ಬಕ್ಕೆ ದೊಡ್ಡಕ್ಕನಿಗೆ ಪ್ರತಿ ವರ್ಷ ಒಂದು ಸೀರೆ. ಈ ಸಲ ಆಕೆ ಮಲಗಿದ್ದಾಳೆ. ದಸರೆ ಕಳೆದು ಬಂದಾಗ ಗಾಂಧಿ ಬಜಾರಿಗೆ ಜೊತೆಯಲ್ಲೇ ಕರೆದುಕೊಂಡು ಹೋಗಿ ಆಕೆಗೆ ಬೇಕಾದ್ದನ್ನು ಕೊಡಿಸೋಣ ಎಂದುಕೊಂಡಿದ್ದೆ. ಆದರೆ ಹಬ್ಬದ ಬೆಳಿಗ್ಗೆ ಮುತ್ತೈದೆಯೊಬ್ಬಳು ಮನೆಯಲ್ಲಿ ಓಡಾಡಿಕೊಂಡಿರುವಾಗ ಬರಿಗೈಯಲ್ಲಿ ಕಳಿಸುವುದು ಹೇಗೆ? ತೀರಿಹೋದ ನಮ್ಮ ಅತ್ತೆ ಎದ್ದು ಬಂದು ಕೆನ್ನೆಗೆ ಕೊಟ್ಟಾರು. ಹಿಂದಿನ ದಿನವೇ ಒಂದು ಹಸಿರು ಸೀರೆ ತಂದಿಟ್ಟಿದ್ದೆ. ಪೂಜೆ ಮುಗಿದ ಮೇಲೆ ಹುಡುಗಿಯನ್ನು ಕರೆದು, ಮಣೆ ಹಾಕಿ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಹೂವು, ಎಲೆ ಅಡಿಕೆ, ತೆಂಗಿನಕಾಯಿಯ ಜೊತೆ ಸೀರೆಯನ್ನು ಮಡಿಲಿಗೆ ಹಾಕಿದೆ.

ಅವಳು ಅದನ್ನು ಮುಟ್ಟದೆ ನನ್ನ ಮುಖ ನೋಡಿದಳು.

"ಅಮ್ಮಾ... ದೊಡ್ಡಕ್ಕಂಗೆ?"

"ಅವಳಿಗೆ ಆಮೇಲೆ ಕೊಟ್ರಾಯ್ತು. ಇದು ನಿಂದು. ತಗೋಮ್ಮಾ, ಬೇಡ ಅನ್ನಬಾರದು, ಗೌರಿ ಹಬ್ಬ."

ತೆಗೆದುಕೊಂಡಳು. ಖುಷಿಯಾಗಿ ಮಾತು ಹೊರಡಲಿಲ್ಲ ಎಂದು ನಾನು ತಿಳಿದೆ. ಗೇಟಿನಲ್ಲಿ ಎದುರುಮನೆಯಾಕೆ ಸಿಕ್ಕಿ ಅವಳ ಕೈಯಲ್ಲಿದ್ದದ್ದನ್ನು ನೋಡಿದರು. ಅವರು ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಆಮೇಲೆ ನನಗೆ ಫೋನು ಮಾಡಿ, "ನೀವು ಕೊಟ್ಟಿದ್ದು ನೋಡಿ ನಾನೂ ಒಂದು ಕೊಟ್ಬಿಟ್ಟೆ ಕಣ್ರೀ. ಮೂಲೆಮನೆಯವರೂ ಕೊಟ್ಟರಂತೆ. ಪಾಪ, ಒಳ್ಳೆ ಹುಡುಗಿ" ಎಂದರು.

ಮುಂದಿನ ಭಾನುವಾರ ಸಂಘ ಸೇರಿತು. ಜಮಖಾನ ಪೂರ್ತಿ ತುಂಬಿತ್ತು. ಹುಡುಗಿಯ ಸುತ್ತ ಮಾತ್ರ ಒಂದೊಂದು ಮೊಳ ಜಾಗ ಖಾಲಿ. ಅವಳು ಮೊಣಕಾಲಿಗೆ ಗದ್ದ ಊರಿ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಆಟೋ ಬಂತು. ದೊಡ್ಡಕ್ಕ ಹೊಟ್ಟೆ ಹಿಡಿದುಕೊಂಡು ಇಳಿದಳು. "ಇಷ್ಟು ಬೇಗ ಯಾಕೆ ಬಂದೆ, ಹೊಲಿಗೆ ಬಿಟ್ಟುಕೊಂಡರೆ?" ಎಂದು ನಾನು ಎದ್ದೆ. ಆಕೆ ನನ್ನ ಕಡೆ ನೋಡದೆ ತೊಟ್ಟಿಲಿಗೆ ಒರಗಿ ಕೂತಳು.

"ಶುರು ಮಾಡಣ," ಎಂದಳು ಅಡುಗೆಯಾಕೆ. "ಅಮ್ಮಾ, ಬರ್ಕೊಳಿ. ದೊಡ್ಡಕ್ಕನ ಮೂರು ಮನೆ ಹೋಗಿದೆ."

ನನ್ನ ಪೆನ್ನು ನಿಂತಿತು. ಯಾವ ಮೂರು ಮನೆ?

ಹಿಂದೆ ಕೂತಿದ್ದ ಒಬ್ಬಾಕೆ ಹುಡುಗಿಯ ಮೇಲೆ ಏರಿಹೋದಳು. "ಏನ್ ದೊಡ್ ಮಾತು, ಮೂರ್ ಮನೇಲೂ ಸೀರೆ ತಗೊಂಡವಳೆ! ಆಸ್ಪತ್ರೆ ಮಂಚದ ಮೇಲೆ ಮಲ್ಗಿರೋಳ ಮನೆ ಕಿತ್ಕೊಳಕ್ಕೆ ನಾಚ್ಕೆ ಆಗ್ಬೇಕು. ನಾಳೆ ನಾನ್ ಮಲ್ಕೊಂಡ್ರೆ ನಂದೂ ಕಿತ್ಕೋತೀಯ."

"ಗೌರಿ ಹಬ್ಬದ ದಿನ ಕುಂಕುಮ ಇಟ್ಟು ಮಡ್ಲಿಗೆ ಹಾಕ್ಬಿಟ್ರೆ ನಾನ್ ಏನಕ್ಕಾ ಮಾಡ್ಲಿ?" ಹುಡುಗಿ ಅಳುತ್ತಿದ್ದಳು. "ದೊಡ್ಡಕ್ಕಂಗೆ ಅಂತ ಕೇಳ್ದೆ. ಕೇಳ್ದೆ ಇರೋಳಲ್ಲ ನಾನು. ಆಮೇಲೆ ಕೊಡ್ತೀನಿ ಅಂದ್ರು. ಬೇಡ ಅನ್ಬಾರ್ದು ಅಂದ್ರು. ಮುತ್ತೈದೆ ಕೊಟ್ಟಿದ್ದ ಬಾಗಿನ ಒಲ್ಲೆ ಅಂತ ನೀನಾಗಿದ್ರೆ ಅಂತಿದ್ಯಾ? ಎದೆ ಮುಟ್ಕೊಂಡ್ ಹೇಳು."

ಒಲ್ಲೆ ಎಂದು ಆಕೆ ಅನ್ನುತ್ತಿರಲಿಲ್ಲ. ಯಾರೂ ಅನ್ನುತ್ತಿರಲಿಲ್ಲ. ನಾನೂ ಅನ್ನುತ್ತಿರಲಿಲ್ಲ.

ಎಲ್ಲರ ಮುಖವೂ ಮೆಲ್ಲಗೆ ನನ್ನ ಕಡೆ ತಿರುಗಿತು. ಅಡುಗೆಯಾಕೆ, "ಇವತ್ತು ನೀವು ಮಾತಾಡ್ಬೋದು ಅಮ್ಮಾ" ಎಂದಳು.

ಆಗ ತಿಳಿದದ್ದು ಇಷ್ಟು. ಗೌರಿ ಹಬ್ಬದ ಸೀರೆ ಒಂದು ಮನೆಯಲ್ಲಿ ಯಾರ ಮಡಿಲಿಗೆ ಬೀಳುತ್ತದೋ, ಬರುವ ಗೌರಿ ಹಬ್ಬದವರೆಗೆ ಆ ಮನೆ ಅವಳದು. ಇವರ ಅಮ್ಮಂದಿರ ಕಾಲದಿಂದ ಹೀಗೇ ನಡೆದುಬಂದಿದೆಯಂತೆ. ಬದಲಿಗೆ ಬಂದವಳಿಗೆ ಹಬ್ಬದಲ್ಲಿ ಹಣ್ಣು ಕೊಡಬಹುದು, ಊಟ ಹಾಕಬಹುದು, ಕೈಗೆ ಏನಾದರೂ ಇಡಬಹುದು. ಸೀರೆ ಮಾತ್ರ ಮನೆಯವಳಿಗೇ ಹೋಗಬೇಕು, ಅವಳು ಎಲ್ಲೇ ಮಲಗಿರಲಿ. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರು ಬರೆಸುತ್ತಾರೆ? ಆ ಶೆಡ್ಡಿನಲ್ಲಿ ನನಗೊಬ್ಬಳಿಗೇ ಗೊತ್ತಿರಲಿಲ್ಲ. ಹತ್ತೊಂಬತ್ತು ಸಲ ದೊಡ್ಡಕ್ಕನಿಗೆ ಸೀರೆ ಕೊಟ್ಟವಳು ನಾನು, ಆಕೆ ಏನು ತೆಗೆದುಕೊಳ್ಳುತ್ತಿದ್ದಳೆಂದು ತಿಳಿಯದೇ ಕೊಟ್ಟಿದ್ದೆ.

"ನನಗೆ ಗೊತ್ತಿರಲಿಲ್ಲ ದೊಡ್ಡಕ್ಕ," ಎಂದೆ. "ದೇವರಾಣೆಗೂ ಗೊತ್ತಿರಲಿಲ್ಲ."

ಆಕೆ ಸೆರಗಿನ ಅಂಚು ಮಡಿಸುತ್ತ ಹೇಳಿದಳು: "ನೀವ್ ಅಂದ್ರೆ ನಾನ್ ನಂಬ್ತೀನಮ್ಮ. ನಂಬ್ದೆ ಎಲ್ ಓಗ್ಲಿ. ಆದ್ರೆ ಎದುರ್ ಮನೆಯೋರು ಮೊನ್ನೆ ಇವಳ್ಗೆ ಏನಂದ್ರಂತೆ ಕೇಳಿ."

ಹುಡುಗಿ ಕಣ್ಣೊರೆಸಿಕೊಂಡು ಹೇಳಿದಳು: "ಆಪರೇಷನ್ ಆದೋಳು ಇನ್ನೇನ್ ಬಗ್ಗಿ ಮಾಡ್ತಾಳೆ, ನೀನೇ ಇದ್ಬಿಡು ಅಂದ್ರು. ಮೂಲೆಮನೆಯೋರೂ ಅದನ್ನೇ ಅಂದ್ರು. 'ಅವ್ರ ಮನೇಲೇ ಬದಲಾಯಿಸ್ಬಿಟ್ರಲ್ಲ, ನಮಗೇನು' ಅಂತ."

ಅವ್ರ ಮನೆ ಎಂದರೆ ನಮ್ಮ ಮನೆ. ನನ್ನ ಮನಸ್ಸಿಗೆ ಬಂದುಹೋದ ಮಾತನ್ನೇ ಅವರು ಬಾಯಿಬಿಟ್ಟು ಆಡಿದ್ದರು, ಅಷ್ಟೇ ವ್ಯತ್ಯಾಸ. ಐದರಲ್ಲಿ ಮೂರು ಮನೆ ಹೋದರೆ ದೊಡ್ಡಕ್ಕನ ಸಂಸಾರ ನಡೆಯುವುದಿಲ್ಲ. ಈ ವಯಸ್ಸಿನಲ್ಲಿ, ಹೊಟ್ಟೆ ಕೊಯ್ಯಿಸಿಕೊಂಡವಳಿಗೆ ಹೊಸ ಮನೆ ಯಾರು ಕೊಡುತ್ತಾರೆ?

ಒಬ್ಬಾಕೆ ಸೀರೆ ವಾಪಸು ಕೊಟ್ಟುಬಿಡಲಿ ಎಂದಳು. "ಅಯ್ಯೋ, ಕುಂಕುಮದ ಜೊತೆ ಬಂದಿದ್ದು ವಾಪಸ್ ಕೊಡ್ತಾರಾ? ಅಮ್ಮಾರ ಮುತ್ತೈದೆತನಕ್ಕೇ ಕುತ್ತು" ಎಂದು ಇನ್ನೊಬ್ಬಳು. ಒಳಗಿನಿಂದ ನಮ್ಮನೆಯವರು ಕೆಮ್ಮಿದ್ದು ಕೇಳಿಸಿತು. ಜಮಖಾನದ ಮೇಲೆ ಮೊದಲ ಸಲ ನಗು ಎದ್ದಿತು. ಅಡುಗೆಯಾಕೆ, "ಬೇಡ ಬಿಡ್ರೇ, ಅಯ್ಯನವರು ಇನ್ನೊಂದಷ್ಟ್ ದಿನ ಪೇಪರ್ ಓದ್ಕೊಂಡಿರ್ಲಿ" ಎಂದಳು. ಸೀರೆ ಹುಡುಗಿಯಲ್ಲೇ ಇರಬೇಕು ಎಂದು ತೀರ್ಮಾನವಾಯಿತು.

ಮನೆಯ ಮಾತಿಗೆ ಬೇರೆ ತೀರ್ಮಾನ. ಎದುರುಮನೆಗೂ ಮೂಲೆಮನೆಗೂ ದೊಡ್ಡಕ್ಕ, ಹುಡುಗಿ ಒಟ್ಟಿಗೇ ಹೋಗಿ ಮಾತಾಡಬೇಕು. ಒಪ್ಪದಿದ್ದರೆ ಹುಡುಗಿ ಆ ಮನೆಯನ್ನು ಅಂದೇ ಬಿಡಬೇಕು. ಸಂಘದ ಯಾರೂ ಅಲ್ಲಿಗೆ ಕಾಲಿಡಬಾರದು. "ಮತ್ತೆ ಅಮ್ಮಾರೂ ಜೊತೆಗೆ ಹೋಗ್ಬೇಕು," ಎಂದಳು ಅಡುಗೆಯಾಕೆ. "ಕೆಟ್ಟಿದ್ದು ಅವರ ಮನೆಯಿಂದ. ಸರಿ ಮಾಡೋದೂ ಅಲ್ಲಿಂದಾನೇ." ಅದನ್ನೂ ನಾನೇ ಬರೆದುಕೊಂಡೆ.

ಎದುರುಮನೆಯ ಹಾಲಿನಲ್ಲಿ ನಾವು ಮೂವರೂ ಸಾಲಾಗಿ ನಿಂತೆವು. ಗಣಿತದ ಟೀಚರ ಮುಂದೆ ಹೋಂವರ್ಕ್ ಮಾಡದೆ ಬಂದ ಮಕ್ಕಳ ಹಾಗೆ.

"ಮೊದಲು ಕೊಟ್ಟಿದ್ದು ನೀವೇ ಅಲ್ವೇನ್ರೀ?" ಎಂದರು ಅವರು.

"ಕೊಟ್ಟಿದ್ದು ನಾನೇ. ತಪ್ಪಾಯ್ತು."

"ಹಬ್ಬದ ದಿನ ಸೀರೆ ಕೊಡೋದು ಯಾವ ಊರಲ್ರೀ ತಪ್ಪು?"

"ನಮಗೆ ಗೊತ್ತಿರದೇ ಇದ್ದ ಊರಲ್ಲಿ," ಎಂದೆ. "ಅವರ ಲೆಕ್ಕದಲ್ಲಿ ನಾವು ಮೂವರೂ ಸೇರಿ ದೊಡ್ಡಕ್ಕನ್ನ ಬಿಡಿಸಿದೀವಿ. ನಾನು ಬಿಡಿಸಿಲ್ಲ. ಅವಳು ದಸರೆ ಕಳೆದು ನಮ್ಮನೆಗೆ ಬರ್ತಾಳೆ. ನಿಮ್ಮ ಮನೆಗೂ ಬರಬೇಕು."

ಅವರು ಹುಡುಗಿಯ ಕಡೆ ತಿರುಗಿದರು. "ನಿನಗೇನಮ್ಮ ಕಷ್ಟ? ನಾನು ಇರು ಅಂತಿದೀನಲ್ಲ."

"ಇರಕ್ಕಾಗಲ್ಲ ಟೀಚರ್. ಮನೆ ಅವರ್ದು," ಎಂದಳು ಹುಡುಗಿ. ತಲೆ ತಗ್ಗಿಸಿಯೇ ಹೇಳಿದಳು, ಆದರೆ ಹೇಳಿದಳು.

"ಕೈಲಾಗುತ್ತೇನೇ ನಿಂಗೆ?" ಎಂದು ದೊಡ್ಡಕ್ಕನನ್ನು ಕೇಳಿದರು.

"ದಸರೆ ಓಗ್ಲಿ. ಆಮೇಲೆ ಬಂದು ಮಾಡ್ತೀನಿ. ಆಗ್ನಿಲ್ಲ ಅಂದ್ರೆ ನಾನೇ ಯೋಳ್ತೀನಿ, ನೀವ್ ಯೋಳೋಗಂಟ ಕಾಯಲ್ಲ."

ಟೀಚರು ಕನ್ನಡಕ ತೆಗೆದು ಒರೆಸಿದರು. "ಸರಿ. ಬಾ," ಎಂದರು. ಅಷ್ಟೇ. ಅವರು ಹಾಗೇ, ಉತ್ತರ ಸರಿಯಿದ್ದರೆ ವಾದ ಬೆಳೆಸುವವರಲ್ಲ.

ಮೂಲೆಮನೆಯವರು ಒಪ್ಪಲಿಲ್ಲ. ನಮ್ಮ ಮನೆಗೆ ಯಾರು ಬರಬೇಕೆಂದು ಸಂಘ ಹೇಳಬೇಕೇ ಎಂದರು. ಹುಡುಗಿ ಅಂದೇ ಪೊರಕೆಯನ್ನು ಹಿತ್ತಲ ಬಾಗಿಲಿಗೆ ಒರಗಿಸಿ ಬಂದುಬಿಟ್ಟಳು. ಅವರು ವಠಾರಕ್ಕೆ ಹೇಳಿಕಳಿಸಿದರು, ಯಾರೂ ಬರಲಿಲ್ಲ. ಅಷ್ಟರಲ್ಲಿ ನವರಾತ್ರಿ ಬಂತು. ಅವರ ಮನೆಯಲ್ಲಿ ದೊಡ್ಡ ಗೊಂಬೆ ಕೂರಿಸುತ್ತಾರೆ; ದಿನಾ ಸಂಜೆ ಅರಿಶಿನ ಕುಂಕುಮಕ್ಕೆ ಹತ್ತಿಪ್ಪತ್ತು ಜನ, ಅಷ್ಟೇ ಲೋಟ, ಅಷ್ಟೇ ತಟ್ಟೆ. ನಾನೂ ಹೋಗಿದ್ದೆ. ಮನೆಯಾಕೆ ನಿದ್ದೆಗೆಟ್ಟ ಮುಖದಲ್ಲಿ ನನಗೆ ಚರ್ಪಿನ ತಿಂಡಿಯ ಪೊಟ್ಟಣ ಕೊಡುತ್ತ, "ನಿಮ್ಮ ದೊಡ್ಡಕ್ಕ ಯಾವಾಗ ಬರ್ತಾಳಂತೆ?" ಎಂದರು. "ನೀವು ಕೇಳಿದ್ರಿ ಅಂತ ಹೇಳ್ತೀನಿ," ಎಂದೆ.

ಹೀಗೆ ದಸರೆ ಮುಗಿಯುವ ಹೊತ್ತಿಗೆ ಐದೂ ಮನೆ ದೊಡ್ಡಕ್ಕನ ಕೈಗೆ ಬಂದಿದ್ದವು. ಆಮೇಲಿನ ಭಾನುವಾರ ಸಂಘ ಸೇರಿದಾಗ ಆಕೆ ಆಟೋದಲ್ಲಿ ಬರಲಿಲ್ಲ, ನಡೆದೇ ಬಂದಳು. ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ಒಂದ್ ಮಾತದೆ, ಬರ್ಕೊಳಿ," ಎಂದಳು. "ನಂಗೆ ಇನ್ನು ಐದ್ ಮನೆ ಆಗಲ್ಲ. ಮೂರ್ ಇಟ್ಕೋತೀನಿ. ಎಲ್ಡು ಇವಳ್ಗೆ ಕೊಡ್ತೀನಿ."

"ಮೂಲೆಮನೆ ಕೊಡ್ತೀಯಾ?" ಎಂದಳು ಅಡುಗೆಯಾಕೆ.

"ಅಷ್ಟ್ ಒದ್ದಾಡಿ ತಕ್ಕೊಂಡಿರೋದು, ಅದ್ ಬಿಡ್ತೀನಾ? ಮಹಡಿ ಇರೋ ಮನೆ ಎಲ್ಡು ಕೊಡ್ತೀನಿ. ಒಂದು ಮುಂದಿನ್ ರಸ್ತೇದು." ಆಮೇಲೆ ನನ್ನನ್ನು ನೋಡಿದಳು. "ಒಂದು ಅಮ್ಮಾರ್ದು."

ನಾನು ಅಡುಗೆಯಾಕೆಯ ಕಡೆ ನೋಡಿದೆ. ಮಾತಾಡಿ ಎಂದು ಕಣ್ಣಲ್ಲೇ ಹೇಳಿದಳು.

"ಸೀರೆ ವಿಷಯಕ್ಕೆ ಕೋಪವೇ ದೊಡ್ಡಕ್ಕ?"

"ಕೋಪ ಬಂದಿತ್ತು. ಸುಳ್ಯಾಕೆ ಯೋಳ್ಲಿ, ಎಲ್ಡ್ ದಿನ ಊಟ ಸೇರ್ಲಿಲ್ಲ. ಈಗಿಲ್ಲ. ನಿಮ್ಮನೇದು ಇಪ್ಪತ್ತೆರಡು ಮೆಟ್ಲು ಕಣಮ್ಮ. ಬಕೆಟ್ ಇಡ್ಕೊಂಡು ದಿನಾ ಅತ್ತಿ ಇಳ್ದೋಳ್ಗೆ ಗೊತ್ತು." ಆಮೇಲೆ ಬೆರಳೆತ್ತಿ ಹೇಳಿದಳು, "ಸರ್ಯಾಗಿ ಬರೀರಿ. ಅಮ್ಮಾರು ಕೊಟ್ಟಿದ್ದಲ್ಲ. ನಾನ್ ಕೊಟ್ಟಿದ್ದು."

ಹಾಗೇ ಬರೆದೆ. ಹುಡುಗಿ ಎಂಟನೇ ಕ್ಲಾಸಿನವರೆಗೆ ಓದಿದವಳು. ಪುಸ್ತಕ ಇಸಿದುಕೊಂಡು ಗಟ್ಟಿಯಾಗಿ ಓದಿ ಹೇಳಿದಳು. ದೊಡ್ಡಕ್ಕ ಕೇಳಿ, ಸರಿಯಿದೆ ಎಂದು ತಲೆಯಾಡಿಸಿ, ಕೆಳಗೆ ತನ್ನ ಹೆಸರು ಬರೆದಳು.

ಎಲ್ಲರೂ ಏಳುತ್ತಿದ್ದಾಗ ಹುಡುಗಿ ನನ್ನ ಹತ್ತಿರ ಬಂದು ನಿಂತಳು. "ಅಮ್ಮಾ, ನಾಳೆಯಿಂದ ನಂದೇ ರಂಗೋಲಿ ಹಾಕ್ಲಾ?"

ನನಗೆ ಅರ್ಥವಾಗಲಿಲ್ಲ. ದಿನಾ ಬಾಗಿಲಿಗೆ ಹಾಕುತ್ತಿದ್ದವಳು ಅವಳೇ ತಾನೇ?

"ಹಾಕ್ತಿದ್ದೆ. ಅದು ದೊಡ್ಡಕ್ಕನ ಎಳೆ, ಅವರು ಹಾಕ್ತಿದ್ದ ರಂಗೋಲೀನೇ. ಮನೆ ಅವರ್ದಿತ್ತಲ್ಲ."

"ಹಾಕಮ್ಮ," ಎಂದೆ.

ಮಾರನೆಯ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಬಂದಾಗ ನಮ್ಮ ಗೇಟಿನ ಮುಂದೆ ನಾನು ಎಂದೂ ನೋಡಿರದ ಒಂದು ಬಳ್ಳಿ ಹಬ್ಬಿತ್ತು. ಎದುರುಮನೆಯ ಅಂಗಳದಲ್ಲಿ ದೊಡ್ಡಕ್ಕ ಸಣ್ಣದೊಂದು ಸ್ಟೂಲಿನ ಮೇಲೆ ಕೂತು, ಬಗ್ಗಿದ್ದು ಹೆಚ್ಚಾಗದ ಹಾಗೆ ಮೆಲ್ಲಮೆಲ್ಲಗೆ ಚುಕ್ಕಿ ಇಡುತ್ತಿದ್ದಳು. ಸ್ಟೂಲು ಟೀಚರದು.